ಊರುಗಳನ್ನು ಪೋಣಿಸಿದ ಹಾದಿ ‘ರೂಟ್ 66’

ಡೆಟ್ರಾಯಿಟ್ ನಗರದ ಉತ್ತರಕ್ಕಿರುವ ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿಲ್ಲದ ಬದುಕನ್ನು ಊಹಿಸುವುದೂ ಕಷ್ಟ. ಹಾಲು ತರಲು ಕಾರು, ಮಕ್ಕಳ ಸಂಗೀತದ ಪಾಠಕ್ಕೆ ಕಾರು, ಪಕ್ಕದ ಟ್ರಾಯ್‌ನಲ್ಲಿರುವ ಭಾರತೀಯ ಟೆಂಪಲ್‌ಗೆ ಕಾರು, ಪಂಪ ಕನ್ನಡ ಕೂಟದ ಸಮಾರಂಭಗಳಿಗೂ ಕಾರು. ಇಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಿಗೆ ಅನ್ನ ಕೊಡುತ್ತಿರುವುದೂ ಕಾರಿನ ಉದ್ಯಮವೇ. ಬೇಸಿಗೆಯಲ್ಲಿ ಊರಿನಿಂದ ಬರುವ ತಂದೆತಾಯಿಯರು ಒಂದೆರಡು ವಾರ ಕಳೆಯುವುದರೊಳಗೆ ಕೇಳುವ ಪ್ರಶ್ನೆ ಒಂದೇ: ‘ಇಷ್ಟು ದೊಡ್ಡ ರಸ್ತೆಗಳಿವೆ, ರಸ್ತೆಯಲ್ಲಿ ಜನರೇ ಇಲ್ಲವಲ್ಲ?’ ಗಂಟೆಗೆ 70 ಮೈಲಿ ವೇಗದಲ್ಲಿ ಓಡುವ ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಜನರಿರುವ ರಸ್ತೆಯನ್ನು, ಊರಿನ ಎದೆಯನ್ನು ಹಾದುಹೋಗುವ ಹೆದ್ದಾರಿಯನ್ನು ಕಾಣಬೇಕೆಂದರೆ ಇಲ್ಲಿಂದ ಸುಮಾರು 300 ಮೈಲಿ ಪಶ್ಚಿಮಕ್ಕೆ ಸಾಗಿ ಷಿಕಾಗೊ ತಲುಪಬೇಕು. ಅಲ್ಲಿಂದ ‘ರೂಟ್ 66’ ಆರಂಭವಾಗುತ್ತದೆ.

1926ರ ನವೆಂಬರ್ 11ರಂದು ಅಧಿಕೃತವಾಗಿ ಹುಟ್ಟಿದ ಈ ಹೆದ್ದಾರಿ ಮಿಷಿಗನ್ ಸರೋವರದ ದಂಡೆಯಿಂದ ಹೊರಟು ಇಲಿನಾಯ್, ಮಿಸ್ಸೌರಿ, ಕಾನ್ಸಾಸ್, ಓಕ್ಲಹೋಮಾ, ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾ ಎಂಬ ಎಂಟು ರಾಜ್ಯಗಳನ್ನು ದಾಟಿ ಪೆಸಿಫಿಕ್ ಸಾಗರದ ದಡದ ಸಾಂತಾ ಮೋನಿಕಾವನ್ನು ಸೇರುತ್ತದೆ. ಇದರ ಉದ್ದ 2,448 ಮೈಲಿ, ಅಂದರೆ ಸುಮಾರು 3,940 ಕಿಲೊಮೀಟರ್. ವಿಚಿತ್ರವೆಂದರೆ ಸರ್ಕಾರದ ದಾಖಲೆಯಲ್ಲಿ ಈ ಹೆದ್ದಾರಿ ಇಂದು ಇಲ್ಲ. 1985ರ ಜೂನ್ 27ರಂದು ಇದನ್ನು ಅಮೆರಿಕದ ಹೆದ್ದಾರಿಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. ಆದರೂ ಪ್ರತಿವರ್ಷ ಜಗತ್ತಿನ ನಾನಾ ದೇಶಗಳ ಜನ ಇದರ ಮೇಲೆ ಪಯಣಿಸಲೆಂದೇ ಬರುತ್ತಾರೆ. ಸತ್ತಿತೆಂದು ಘೋಷಿಸಲಾದ ರಸ್ತೆಯೊಂದು ಬದುಕಿ ಉಳಿದ ಬಗೆ ಹೇಗೆ? ವಲಸೆಯ ಕನಸು ಹೊತ್ತವರಿಗೂ, ಅವರನ್ನು ಕಳುಹಿಸಿಕೊಟ್ಟು ಊರಿನಲ್ಲಿ ಉಳಿದವರಿಗೂ ಆ ಕಥೆಯಲ್ಲಿ ಅರಿಯಬೇಕಾದದ್ದು ಸಾಕಷ್ಟಿದೆ.

ಕೆಸರಿನಿಂದ ಕಾಂಕ್ರೀಟಿಗೆ

ರಸ್ತೆಯ ಕಥೆಯನ್ನು ಡೆಟ್ರಾಯಿಟ್‌ನಿಂದಲೇ ಆರಂಭಿಸಬೇಕು. ಹೆನ್ರಿ ಫೋರ್ಡ್ ‘ಮಾಡೆಲ್ ಟಿ’ ಕಾರನ್ನು 1908ರಲ್ಲಿ ಮಾರುಕಟ್ಟೆಗೆ ತಂದರು. ಮರುವರ್ಷ, 1909ರಲ್ಲಿ, ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ‘ಸಿಕ್ಸ್ ಮೈಲ್’ ಮತ್ತು ‘ಸೆವೆನ್ ಮೈಲ್’ ರಸ್ತೆಗಳ ನಡುವೆ ಒಂದು ಮೈಲಿ ಉದ್ದದ ಕಾಂಕ್ರೀಟ್ ಹೆದ್ದಾರಿ ಸಿದ್ಧವಾಯಿತು. ಅಮೆರಿಕದ ಮೊದಲ ಕಾಂಕ್ರೀಟ್ ಹೆದ್ದಾರಿಯೆಂಬ ಕೀರ್ತಿ ಅದಕ್ಕೆ ಸಂದಿದೆ. ರಸ್ತೆಯ ನಡುವೆ ಗೆರೆ ಎಳೆದು ಎದುರುಬದುರು ವಾಹನಗಳನ್ನು ಬೇರ್ಪಡಿಸುವ ಉಪಾಯವೂ ಇದೇ ಪ್ರದೇಶದ್ದು. ವೇಯ್ನ್ ಕೌಂಟಿಯ ರಸ್ತೆ ಆಯೋಗದಲ್ಲಿದ್ದ ಎಡ್ವರ್ಡ್ ಹೈನ್ಸ್ 1911ರಲ್ಲಿ ಅದನ್ನು ಕಾರ್ಯರೂಪಕ್ಕೆ ತಂದರು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದ ಬಳಿಕ ಕಾರಿನ ಬೆಲೆ ಇಳಿಯುತ್ತಾ ಹೋಗಿ, ಆರಂಭದಲ್ಲಿ 850 ಡಾಲರ್ ಆಸುಪಾಸಿನಲ್ಲಿದ್ದದ್ದು 1920ರ ದಶಕದ ನಡುವಿನ ಹೊತ್ತಿಗೆ 300 ಡಾಲರಿಗೂ ಕೆಳಗಿಳಿಯಿತು. ರೈತನೂ ಕಾರ್ಮಿಕನೂ ಕಾರು ಕೊಂಡರು. ಆದರೆ ಓಡಿಸಲು ರಸ್ತೆ ಎಲ್ಲಿತ್ತು? ಊರಿನ ಎಲ್ಲೆ ದಾಟಿದರೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು.

ಈ ಕೊರತೆಯನ್ನು ನೀಗಲು ಮೊದಲು ಮುಂದಾದವರು ಸರ್ಕಾರಕ್ಕಿಂತ ಹೆಚ್ಚಾಗಿ ಉದ್ಯಮಿಗಳು. ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಒಂದೇ ರಸ್ತೆಯನ್ನು ಗುರುತಿಸಬೇಕೆಂಬ ಇಂಡಿಯಾನಾಪೊಲಿಸ್‌ನ ಕಾರ್ಲ್ ಫಿಶರ್ ಅವರ ಕನಸಿಗೆ ಡೆಟ್ರಾಯಿಟ್‌ನ ಪ್ಯಾಕಾರ್ಡ್ ಕಾರು ಕಂಪನಿಯ ಅಧ್ಯಕ್ಷ ಹೆನ್ರಿ ಜಾಯ್ ಬೆನ್ನೆಲುಬಾಗಿ ನಿಂತರು. 1913ರಲ್ಲಿ ಡೆಟ್ರಾಯಿಟ್‌ನಲ್ಲಿಯೇ ‘ಲಿಂಕನ್ ಹೆದ್ದಾರಿ ಸಂಘ’ ಸ್ಥಾಪನೆಯಾಯಿತು. ಹೆನ್ರಿ ಫೋರ್ಡ್ ಮಾತ್ರ ಅದಕ್ಕೆ ಹಣ ಕೊಡಲು ಒಪ್ಪಲಿಲ್ಲ. ರಸ್ತೆ ಕಟ್ಟುವುದು ಸಾರ್ವಜನಿಕರ, ಅಂದರೆ ಸರ್ಕಾರದ ಹೊಣೆ ಎಂಬುದು ಅವರ ನಿಲುವಾಗಿತ್ತು. ಆ ನಿಲುವೇ ಕೊನೆಗೆ ಗೆದ್ದಿತು ಎನ್ನಬಹುದು. 1919ರಲ್ಲಿ ಸೇನೆಯ ವಾಹನಗಳ ಸಾಲೊಂದು ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊ ತಲುಪಲು 62 ದಿನ ತೆಗೆದುಕೊಂಡಿತು. ಅದರಲ್ಲಿ ಡ್ವೈಟ್ ಐಸೆನ್‌ಹೋವರ್ ಎಂಬ ತರುಣ ಅಧಿಕಾರಿಯೂ ಇದ್ದರು. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ರೂಟ್ 66ರ ಹಣೆಬರಹವನ್ನು ಬರೆದವರು ಇವರೇ.

ಸಂಖ್ಯೆಯೊಂದು ದೊರೆತ ಬಗೆ

ಖಾಸಗಿ ಸಂಘಗಳು ತಮಗೆ ತೋಚಿದ ಹೆಸರುಗಳನ್ನು ರಸ್ತೆಗಳಿಗಿಟ್ಟು ಗೊಂದಲವಾದಾಗ ಹೆಸರುಗಳ ಬದಲು ಸಂಖ್ಯೆಗಳನ್ನು ನೀಡುವ ತೀರ್ಮಾನವಾಯಿತು. ಪೂರ್ವ–ಪಶ್ಚಿಮವಾಗಿ ಸಾಗುವ ರಸ್ತೆಗಳಿಗೆ ಸಮಸಂಖ್ಯೆ, ಉತ್ತರ–ದಕ್ಷಿಣವಾಗಿ ಸಾಗುವವಕ್ಕೆ ಬೆಸಸಂಖ್ಯೆ. ಸೊನ್ನೆಯಲ್ಲಿ ಕೊನೆಗೊಳ್ಳುವ ಸಂಖ್ಯೆ ದೇಶದ ಉದ್ದಗಲ ದಾಟುವ ಪ್ರಮುಖ ಹೆದ್ದಾರಿಗೆ ಮೀಸಲು. ಓಕ್ಲಹೋಮಾ ರಾಜ್ಯದ ಟಲ್ಸಾ ನಗರದ ಸೈರಸ್ ಏವರಿ, ಷಿಕಾಗೊ–ಲಾಸ್ ಏಂಜಲೀಸ್ ರಸ್ತೆಗೆ 60 ಎಂಬ ಸಂಖ್ಯೆ ಬೇಕೆಂದು ಹಟ ಹಿಡಿದರು. ತಮ್ಮ ರಾಜ್ಯಕ್ಕೆ ಸೊನ್ನೆಯ ಹೆದ್ದಾರಿ ಒಂದೂ ಇಲ್ಲವೆಂದು ಕೆಂಟಕಿಯ ಗವರ್ನರ್ ಸಿಡಿದೆದ್ದರು. ತಿಂಗಳುಗಟ್ಟಲೆ ನಡೆದ ಜಗಳಕ್ಕೆ 1926ರ ಏಪ್ರಿಲ್ 30ರಂದು ಮಿಸ್ಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತೆರೆ ಬಿದ್ದಿತು. ಯಾರೂ ಕೇಳದೆ ಉಳಿದಿದ್ದ 66 ಎಂಬ ಸಂಖ್ಯೆಯನ್ನು ಏವರಿ ಆರಿಸಿಕೊಂಡರು. ಕೇಳಿದ್ದು ದೊರೆಯದಿದ್ದಾಗ ಒಪ್ಪಿಕೊಂಡ ಈ ಅಂಕಿ ಇಂದು ಟೀ ಶರ್ಟುಗಳ ಮೇಲೂ ಕಾಫಿ ಲೋಟಗಳ ಮೇಲೂ ರಾರಾಜಿಸುತ್ತಿದೆ.

ಕರಾವಳಿಯ ಕನ್ನಡಿಗರಿಗೆ ಈ ಅಂಕಿ ಅಪರಿಚಿತವಲ್ಲ. ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಸಾಗುವ, ಕಾರವಾರ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡುಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆಯೂ 66. ಹಿಂದೆ 17 ಆಗಿದ್ದದ್ದು 2010ರಲ್ಲಿ ದೇಶದ ಹೆದ್ದಾರಿಗಳಿಗೆ ಮರುಸಂಖ್ಯೆ ನೀಡಿದಾಗ ಹೀಗಾಯಿತು. ಅಮೆರಿಕದ ಕ್ರಮಕ್ಕೆ ತದ್ವಿರುದ್ಧವಾಗಿ ನಮ್ಮಲ್ಲಿ ಉತ್ತರ–ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ. ಆದ್ದರಿಂದ ಇಲ್ಲಿನ 66 ಸೂರ್ಯ ಮುಳುಗುವ ದಿಕ್ಕಿಗೆ ಓಡಿದರೆ, ನಮ್ಮ 66 ಕಡಲನ್ನು ಪಕ್ಕದಲ್ಲಿಟ್ಟುಕೊಂಡು ದಕ್ಷಿಣಕ್ಕೆ ಓಡುತ್ತದೆ.

ವಿವೇಕಾನಂದರು ನಿಂತ ಜಾಗದಿಂದ

ಷಿಕಾಗೊ ನಗರದ ಮಿಷಿಗನ್ ಅವೆನ್ಯೂ ಮತ್ತು ಆಡಮ್ಸ್ ಬೀದಿ ಕೂಡುವಲ್ಲಿ ದೀಪದ ಕಂಬವೊಂದಕ್ಕೆ ಕಂದು ಬಣ್ಣದ ಫಲಕವೊಂದನ್ನು ತೂಗುಹಾಕಿದ್ದಾರೆ. ರೂಟ್ 66 ಇಲ್ಲಿಂದ ಆರಂಭ ಎಂಬುದಷ್ಟೇ ಅದರ ಸಂದೇಶ. ಪ್ರವಾಸಿಗರು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಆದರೆ ಭಾರತದಿಂದ ಬಂದವರು ಹಿಂತಿರುಗಿ ಎದುರಿನ ಕಟ್ಟಡವನ್ನು ನೋಡದೆ ಹೋಗಬಾರದು. ಅದು ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ವಿಶ್ವಧರ್ಮ ಸಮ್ಮೇಳನ ಆರಂಭವಾದದ್ದೂ, ಸ್ವಾಮಿ ವಿವೇಕಾನಂದರು ಅಮೆರಿಕದ ಜನರನ್ನು ಉದ್ದೇಶಿಸಿ ಮಾತನಾಡಿದ್ದೂ ಇದೇ ಕಟ್ಟಡದಲ್ಲಿ. ಅದರ ಮುಂದಿನ ರಸ್ತೆಯ ಒಂದು ಭಾಗಕ್ಕೆ ನಗರಾಡಳಿತ ಅವರ ಹೆಸರನ್ನು ಗೌರವಾರ್ಥವಾಗಿ ಇಟ್ಟಿದೆ. ಆ ಭಾಷಣದ ಹಿಂದಿನ ವರ್ಷ, 1892ರಲ್ಲಿ, ಅವರು ಬೆಳಗಾವಿಯಲ್ಲಿ ತಂಗಿದ್ದರು. ಮೈಸೂರಿನಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಹೆದ್ದಾರಿಗೆ ಸಂಖ್ಯೆ ಬೀಳುವ ಮೂವತ್ತಮೂರು ವರ್ಷ ಮೊದಲೇ ಮೈಸೂರನ್ನು ಕಂಡು ಬಂದಿದ್ದ ಯಾತ್ರಿಕನೊಬ್ಬ ಅದರ ಮೊದಲ ಮೈಲಿಯಲ್ಲಿ ನಿಂತಿದ್ದ ಎಂದು ಭಾವಿಸಿದರೆ ಪಯಣಕ್ಕೆ ಬೇರೆಯೇ ಒಂದು ತೂಕ ಬರುತ್ತದೆ.

ಷಿಕಾಗೊ ಬಿಟ್ಟು ಇಲಿನಾಯ್‌ನ ಜೋಳದ ಬಯಲಿಗೆ ಇಳಿದರೆ ಹೆದ್ದಾರಿ ತನ್ನ ನಿಜರೂಪವನ್ನು ತೋರತೊಡಗುತ್ತದೆ. ಡ್ವೈಟ್ ಎಂಬ ಊರಿನಲ್ಲಿ 1933ರ ಪುಟ್ಟ ಪೆಟ್ರೋಲ್ ಬಂಕ್ ಮನೆಯಂತೆ ನಿಂತಿದೆ. ಪಾಂಟಿಯಾಕ್‌ನಲ್ಲಿ ಈ ರಸ್ತೆಗೆಂದೇ ವಸ್ತುಸಂಗ್ರಹಾಲಯವಿದೆ. ರಾಚೆಸ್ಟರ್ ಹಿಲ್ಸ್‌ನವರಿಗೆ ಆ ಹೆಸರು ಮನೆಮಾತು. ಇಲ್ಲಿಗೆ ಸಮೀಪದಲ್ಲೇ ಇನ್ನೊಂದು ಪಾಂಟಿಯಾಕ್ ನಗರವಿದೆ. ಎರಡಕ್ಕೂ ಹೆಸರು ಬಂದದ್ದು ಬ್ರಿಟಿಷರ ವಿರುದ್ಧ ಹೋರಾಡಿದ ಒಡಾವಾ ಬುಡಕಟ್ಟಿನ ನಾಯಕ ಪಾಂಟಿಯಾಕ್‌ನಿಂದ. ಜನರಲ್ ಮೋಟರ್ಸ್ ಇದೇ ಹೆಸರಿನ ಕಾರನ್ನು ಹೊರತಂದದ್ದು 1926ರಲ್ಲಿ, ಅಂದರೆ ಹೆದ್ದಾರಿ ಹುಟ್ಟಿದ ವರ್ಷವೇ. ಡಾಜ್ ಕಾರಿನ ಸಂಪತ್ತಿನಿಂದ ಮಟಿಲ್ಡಾ ಡಾಜ್ ವಿಲ್ಸನ್ ದಂಪತಿ ಇಲ್ಲಿನ ಮೆಡೋ ಬ್ರೂಕ್ ಹಾಲ್ ಎಂಬ ಭವ್ಯ ಮಹಲಿನ ನಿರ್ಮಾಣವನ್ನು ಆರಂಭಿಸಿದ್ದೂ ಅದೇ ವರ್ಷ. ಮಹಲು ಇಂದು ಓಕ್‌ಲ್ಯಾಂಡ್ ವಿಶ್ವವಿದ್ಯಾಲಯದ ಸ್ವತ್ತಾಗಿದೆ. ಪಾಂಟಿಯಾಕ್ ಕಾರು 2010ರಲ್ಲಿ ಇಲ್ಲವಾಯಿತು. ಹೆದ್ದಾರಿ ಮಾತ್ರ ಉಳಿದಿದೆ.

ಇನ್ನೂ ಮುಂದೆ ಫಂಕ್ಸ್ ಗ್ರೋವ್ ಎಂಬ ತೋಪಿನಲ್ಲಿ ಮೇಪಲ್ ಮರಗಳಿಗೆ ತೂತು ಕೊರೆದು ತೊಟ್ಟಿಕ್ಕುವ ರಸವನ್ನು ಕುದಿಸಿ ಪಾಕ ಮಾಡುತ್ತಾರೆ. ರೊಟ್ಟಿಗೆ ಜೋನಿಬೆಲ್ಲ ಹಚ್ಚಿಕೊಂಡು ತಿಂದು ಬೆಳೆದವರಿಗೆ ಅದರ ರುಚಿ ಹೊಸದೆನಿಸದು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಬ್ರಹಾಂ ಲಿಂಕನ್ನರ ಮನೆ ಮತ್ತು ಸಮಾಧಿ ಇವೆ. ಮಿಸ್ಸಿಸ್ಸಿಪ್ಪಿ ನದಿಯ ಮೇಲಿನ ‘ಚೈನ್ ಆಫ್ ರಾಕ್ಸ್’ ಸೇತುವೆ ನಡುನೀರಿನಲ್ಲಿ ಮೊಣಕೈಯಂತೆ ಬಾಗಿದೆ. 1929ರಲ್ಲಿ ತೆರೆದ ಈ ಸೇತುವೆ ಇಂದು ಕಾಲ್ನಡಿಗೆಯವರಿಗೂ ಸೈಕಲ್ ಸವಾರರಿಗೂ ಮೀಸಲು. ಕಾನ್ಸಾಸ್‌ನಲ್ಲಿ ಹೆದ್ದಾರಿ ಸಾಗುವುದು ಬರಿಯ 13 ಮೈಲಿ. ಓಕ್ಲಹೋಮಾದ ಕಟೂಸಾದಲ್ಲಿ ಹ್ಯೂ ಡೇವಿಸ್ ಎಂಬವರು ವಿವಾಹ ವಾರ್ಷಿಕೋತ್ಸವಕ್ಕೆ ಪತ್ನಿಗೆಂದು ಕಟ್ಟಿಕೊಟ್ಟ ನೀಲಿ ತಿಮಿಂಗಿಲವೊಂದು ಕೊಳದಲ್ಲಿ ಬಾಯ್ತೆರೆದು ನಿಂತಿದೆ. ಟೆಕ್ಸಾಸ್‌ನ ಅಮರಿಲೊ ಬಳಿ 1974ರಲ್ಲಿ ಕಲಾವಿದರ ತಂಡವೊಂದು ಹತ್ತು ಕ್ಯಾಡಿಲಾಕ್ ಕಾರುಗಳನ್ನು ಮೂತಿ ಕೆಳಗಾಗಿ ಹೂತಿತು. ಡೆಟ್ರಾಯಿಟ್ ನಗರವನ್ನು 1701ರಲ್ಲಿ ಸ್ಥಾಪಿಸಿದ ಫ್ರೆಂಚ್ ಅಧಿಕಾರಿಯ ಹೆಸರನ್ನು ಹೊತ್ತ ಕಾರುಗಳು ಟೆಕ್ಸಾಸ್‌ನ ಹೊಲದಲ್ಲಿ ಬಾಲವೆತ್ತಿ ನಿಂತಿರುವುದನ್ನು ಕಂಡಾಗ ನಗಬೇಕೋ ಮರುಗಬೇಕೋ ತಿಳಿಯದು.

ಏಡ್ರಿಯನ್ ಎಂಬ ಹಳ್ಳಿ ಪಯಣದ ನಡುಮಧ್ಯ. ಷಿಕಾಗೊಗೆ 1,139 ಮೈಲಿ, ಲಾಸ್ ಏಂಜಲೀಸ್‌ಗೂ ಅಷ್ಟೇ. ಅದನ್ನು ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ನ್ಯೂ ಮೆಕ್ಸಿಕೊದ ಟುಕುಮ್ಕಾರಿಯಲ್ಲಿ 1939ರ ‘ಬ್ಲೂ ಸ್ವಾಲೊ’ ಮೋಟೆಲ್‌ನ ನಿಯಾನ್ ದೀಪಗಳು ಮುಸ್ಸಂಜೆಯಲ್ಲಿ ಬೆಳಗುತ್ತವೆ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಹಳೆಯ ಹೆದ್ದಾರಿ ಹಾದುಹೋಗಿದ್ದ ಜಾಗವನ್ನು ತೋರಿಸಲು 1932ರ ತುಕ್ಕು ಹಿಡಿದ ಸ್ಟೂಡ್‌ಬೇಕರ್ ಕಾರೊಂದನ್ನು ಇರಿಸಿದ್ದಾರೆ. ಓಟ್‌ಮನ್ ಎಂಬ ಹಳೆಯ ಗಣಿ ಊರಿನ ಬೀದಿಯಲ್ಲಿ, ಗಣಿ ಕೆಲಸಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಯಾರ ಹಂಗೂ ಇಲ್ಲದೆ ಅಡ್ಡಾಡುತ್ತಿದೆ. ನಮ್ಮೂರಿನ ಪೇಟೆಬೀದಿಯ ದನಗಳನ್ನು ಕಂಡವರಿಗೆ ಆ ದೃಶ್ಯ ಆಪ್ತವೆನಿಸುತ್ತದೆ. ಆಮೇಲೆ ಮೊಹಾವಿ ಮರುಭೂಮಿ, ಸ್ಯಾನ್ ಬರ್ನಾರ್ಡಿನೊ, ಪಾಸಡೀನಾ. ಕೊನೆಗೆ ಕಡಲು.

ಹಾದಿಯ ನೋವು

ರೂಟ್ 66 ಬರಿಯ ವಿಹಾರದ ಹಾದಿಯಾಗಿರಲಿಲ್ಲ. 1930ರ ದಶಕದಲ್ಲಿ ಬರಗಾಲ ಮತ್ತು ಧೂಳಿನ ಬಿರುಗಾಳಿಗೆ ಸಿಕ್ಕ ಓಕ್ಲಹೋಮಾ, ಟೆಕ್ಸಾಸ್, ಕಾನ್ಸಾಸ್ ಮುಂತಾದ ಬಯಲು ಸೀಮೆಯ ರೈತರು ಹಾಸಿಗೆ, ಪಾತ್ರೆ, ಮಕ್ಕಳನ್ನು ಹಳೆಯ ಕಾರುಗಳಿಗೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದತ್ತ ಹೊರಟದ್ದು ಇದೇ ರಸ್ತೆಯಲ್ಲಿ. ಜಾನ್ ಸ್ಟೈನ್‌ಬೆಕ್ 1939ರ ತಮ್ಮ ‘ದ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯಲ್ಲಿ ಈ ರಸ್ತೆಯನ್ನು ತಾಯಿಗೆ ಹೋಲಿಸಿದರು. ಆ ಹೆಸರು ಹಾಗೆಯೇ ನಿಂತಿತು. ಆದರೆ ತಾಯಿಯ ಮಡಿಲು ಎಲ್ಲರಿಗೂ ಸಿಗಲಿಲ್ಲ. 1936ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನ ಪೊಲೀಸ್ ಮುಖ್ಯಸ್ಥರು ನೂರಕ್ಕೂ ಹೆಚ್ಚು ಪೊಲೀಸರನ್ನು ರಾಜ್ಯದ ಗಡಿಗಳಿಗೆ ಕಳುಹಿಸಿ, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕಟ್ಟಿಸಿದರು. ಹೀಗೆ ತಡೆಯಲಾದವರು ಪರದೇಶಿಗಳಲ್ಲ, ತಮ್ಮದೇ ದೇಶದ ಪ್ರಜೆಗಳು ಎಂಬುದನ್ನು ಮರೆಯಬಾರದು. ಬಡವನೆಂಬ ಕಾರಣಕ್ಕೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬರುವವನನ್ನು ತಡೆಯುವಂತಿಲ್ಲ ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ ನೀಡಿದ್ದು 1941ರಲ್ಲಿ.

ಕಪ್ಪು ಜನರ ಪಾಲಿಗೆ ಈ ರಸ್ತೆ ಮತ್ತೂ ಕಠಿಣವಾಗಿತ್ತು. ಸಂಜೆಯಾದ ಮೇಲೆ ಅವರು ಇರಕೂಡದೆಂದು ನಿರ್ಬಂಧಿಸಿದ ಊರುಗಳು ಹಾದಿಯುದ್ದಕ್ಕೂ ಇದ್ದವು. ಎಲ್ಲಿ ಊಟ ದೊರೆತೀತು, ಎಲ್ಲಿ ಮಲಗಲು ಬಿಟ್ಟಾರು ಎಂಬುದನ್ನು ತಿಳಿಸುವ ಕೈಪಿಡಿಯೊಂದನ್ನು ನ್ಯೂಯಾರ್ಕ್‌ನ ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ 1936ರಿಂದ ಪ್ರಕಟಿಸತೊಡಗಿದರು. ‘ಗ್ರೀನ್ ಬುಕ್’ ಎಂದು ಹೆಸರಾದ ಆ ಪುಸ್ತಕವನ್ನು ಕಾರಿನಲ್ಲಿಟ್ಟುಕೊಳ್ಳದೆ ಅನೇಕ ಕುಟುಂಬಗಳು ಮನೆಯಿಂದ ಹೊರಡುತ್ತಿರಲಿಲ್ಲ.

ಇದೇ ಕಥೆಯ ಮುಂದಿನ ಅಧ್ಯಾಯದಲ್ಲಿ ಭಾರತೀಯರೂ ಬರುತ್ತಾರೆ. ಹೊಸ ಹೆದ್ದಾರಿಗಳು ಬಂದು ಹಳೆಯ ಮೋಟೆಲ್‌ಗಳು ಬರಿದಾಗತೊಡಗಿದಾಗ ಅವನ್ನು ಕೊಂಡು, ಕುಟುಂಬದವರೆಲ್ಲ ಸೇರಿ ಹಾಸಿಗೆ ಒಗೆದು, ಕೋಣೆ ಗುಡಿಸಿ, ಹಿಂಭಾಗದ ಕೋಣೆಯಲ್ಲೇ ಮಕ್ಕಳನ್ನು ಬೆಳೆಸಿದವರಲ್ಲಿ ಗುಜರಾತಿನ ಪಟೇಲರು ಮುಂಚೂಣಿಯಲ್ಲಿದ್ದರು. ಅವರಿಗೆ ವಿಮೆ ಕೊಡಲು ಕಂಪನಿಗಳು, ಸಾಲ ಕೊಡಲು ಬ್ಯಾಂಕುಗಳು ಹಿಂಜರಿದ ಕಾಲವಿತ್ತು. ಪಕ್ಕದ ಮೋಟೆಲ್‌ನವರು ‘ಇದು ಅಮೆರಿಕನ್ನರ ಒಡೆತನದ್ದು’ ಎಂದು ಫಲಕ ಹಾಕಿ ಗಿರಾಕಿಗಳನ್ನು ಸೆಳೆಯುತ್ತಿದ್ದರು. ಅಮೆರಿಕದ ಮೋಟೆಲ್‌ಗಳಲ್ಲಿ ಬಹುದೊಡ್ಡ ಪಾಲು ಇಂದು ಭಾರತೀಯ ಮೂಲದವರದು. ರೂಟ್ 66ರ ಬದಿಯ ಸಣ್ಣ ಊರಿನ ಮೋಟೆಲ್ಲೊಂದರಲ್ಲಿ ಬಾಗಿಲ ಬಳಿ ಗಣಪತಿಯ ಪಟ ಕಂಡರೆ ಅಚ್ಚರಿಪಡಬೇಕಿಲ್ಲ. ಸಾಫ್ಟ್‌ವೇರ್ ಎಂಜಿನಿಯರರ ಅಮೆರಿಕವನ್ನಷ್ಟೇ ಬಲ್ಲ ನಮ್ಮ ಯುವಕರು ಈ ಇನ್ನೊಂದು ವಲಸೆಯನ್ನೂ ಅರಿಯಬೇಕು.

ಬೈಪಾಸ್ ಎಂಬ ಶಾಂತ ಸಾವು

1919ರ ಕೆಸರನ್ನು ಐಸೆನ್‌ಹೋವರ್ ಮರೆತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಆಟೊಬಾನ್ ರಸ್ತೆಗಳನ್ನೂ ಕಂಡಿದ್ದ ಅವರು ಅಧ್ಯಕ್ಷರಾದ ಮೇಲೆ 1956ರಲ್ಲಿ ಇಂಟರ್‌ಸ್ಟೇಟ್ ಹೆದ್ದಾರಿಗಳ ಕಾಯ್ದೆಗೆ ಸಹಿ ಹಾಕಿದರು. ರೂಟ್ 66ರ ಜಾಗವನ್ನು 55, 44, 40, 15 ಮತ್ತು 10 ಸಂಖ್ಯೆಯ ಇಂಟರ್‌ಸ್ಟೇಟ್‌ಗಳು ಒಂದೊಂದಾಗಿ ಕಸಿದುಕೊಂಡವು. ಹೊಸ ರಸ್ತೆ ಊರಿನೊಳಗೆ ಬರಲಿಲ್ಲ, ಊರನ್ನು ಬಳಸಿ ಹೋಯಿತು.

ಅರಿಜೋನಾದ ಸೆಲಿಗ್‌ಮನ್ ಎಂಬ ಪುಟ್ಟ ಊರಿಗೆ ಆ ಗಳಿಗೆ ಬಂದದ್ದು 1978ರ ಸೆಪ್ಟೆಂಬರ್ 22ರಂದು. ಅಂದು ಬೆಳಿಗ್ಗೆ ದಿನದಂತೆ ವಾಹನಗಳು ಹರಿಯುತ್ತಿದ್ದವು. ಮಧ್ಯಾಹ್ನ ಇಂಟರ್‌ಸ್ಟೇಟ್ 40 ತೆರೆಯಿತು. ಸಂಜೆಯ ಹೊತ್ತಿಗೆ ಬೀದಿ ಬರಿದಾಗಿತ್ತು. ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲೊ ಆ ದಿನವನ್ನು ಮರೆಯಲಿಲ್ಲ. ಅಂಗಡಿಗಳು ಮುಚ್ಚಿದವು, ಯುವಕರು ಊರು ಬಿಟ್ಟರು. 1984ರ ಅಕ್ಟೋಬರ್ 13ರಂದು ಕೊನೆಯ ಊರಾದ ವಿಲಿಯಮ್ಸ್‌ಗೂ ಬೈಪಾಸ್ ಬಂದಿತು. ಮರುವರ್ಷ ಹೆದ್ದಾರಿಯ ಹೆಸರೇ ಅಳಿಯಿತು.

ಡೆಲ್ಗಾಡಿಲೊ ಕೈಕಟ್ಟಿ ಕೂರಲಿಲ್ಲ. 1987ರಲ್ಲಿ ಊರಿನ ಕೆಲವರನ್ನು ಕಲೆಹಾಕಿ ಸಂಘವೊಂದನ್ನು ಕಟ್ಟಿದರು. ಸರ್ಕಾರಕ್ಕೆ ಪತ್ರದ ಮೇಲೆ ಪತ್ರ ಬರೆದರು. ಅದೇ ವರ್ಷ ಅರಿಜೋನಾ ರಾಜ್ಯ ಸೆಲಿಗ್‌ಮನ್‌ನಿಂದ ಕಿಂಗ್‌ಮನ್‌ವರೆಗಿನ ಹಾದಿಯನ್ನು ‘ಐತಿಹಾಸಿಕ ಮಾರ್ಗ’ವೆಂದು ಘೋಷಿಸಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಇಲಿನಾಯ್‌ನಲ್ಲಿ 1989ರಲ್ಲಿ ಸಂಘ ಹುಟ್ಟಿತು. 1999ರಲ್ಲಿ ಕೇಂದ್ರ ಸರ್ಕಾರ ಸಂರಕ್ಷಣೆಗೆ ಹಣ ಒದಗಿಸುವ ಕಾಯ್ದೆ ತಂದಿತು. ಬೈಪಾಸ್‌ನಿಂದ ಸೊರಗಿದ ಊರಿನ ಕಥೆ ಹೇಳುವ ‘ಕಾರ್ಸ್’ ಎಂಬ 2006ರ ಚಲನಚಿತ್ರ ಮಕ್ಕಳಿಗೂ ಈ ರಸ್ತೆಯ ಹುಚ್ಚು ಹಿಡಿಸಿತು. ಹಳೆಯ ಹಾದಿಯ ಸುಮಾರು ಶೇ 85ರಷ್ಟರ ಮೇಲೆ ಇಂದಿಗೂ ವಾಹನ ಓಡಿಸಬಹುದೆನ್ನುತ್ತಾರೆ.

ಈ ಕಥೆಯನ್ನು ಓದುವಾಗ ಕರ್ನಾಟಕದವರಿಗೆ ಬೆಂಗಳೂರು–ಮೈಸೂರು ದಾರಿ ನೆನಪಾಗದೇ ಇರದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿ ಹೋಗುತ್ತದೆ. ಮೂರು ಗಂಟೆಯ ಪಯಣ ಅರ್ಧಕ್ಕಿಳಿದದ್ದು ನಿಜ. ರೋಗಿಯನ್ನು ಹೊತ್ತ ಆಂಬುಲೆನ್ಸಿಗೆ, ವಿಮಾನ ಹಿಡಿಯಬೇಕಾದವರಿಗೆ ಅದು ವರವೇ ಸರಿ. ಆದರೆ ರಸ್ತೆ ಬದಿಯಲ್ಲಿ ಬಣ್ಣದ ಮರದ ಗೊಂಬೆಗಳನ್ನು ತೂಗುಹಾಕಿಕೊಂಡು ಕಾರುಗಳಿಗಾಗಿ ಕಾಯುತ್ತಿದ್ದ ಚನ್ನಪಟ್ಟಣದ ಅಂಗಡಿಯವರಿಗೆ, ಮದ್ದೂರು ವಡೆಯ ಹೋಟೆಲಿನವರಿಗೆ, ಎಳನೀರು ಕೊಚ್ಚುವವರಿಗೆ ಆ ಉಳಿದ ಒಂದೂವರೆ ಗಂಟೆಯೇ ಬದುಕಾಗಿತ್ತು. ಸೆಲಿಗ್‌ಮನ್‌ನ ಕ್ಷೌರಿಕನ ಅನುಭವ ಅವರಿಗೆ ಹೊಸದಲ್ಲ. ಆತ ಮಾಡಿದ್ದನ್ನು ನಾವೂ ಮಾಡಲಾಗದೆ? ಹಳೆಯ ಮೈಸೂರು ರಸ್ತೆಗೆ ಗೌರವದ ಫಲಕವೊಂದನ್ನು ನೆಟ್ಟು, ಗೊಂಬೆಯ ಕುಶಲಕರ್ಮಿಗಳ ಮನೆಗಳಿಗೂ ರಾಮನಗರದ ರೇಷ್ಮೆ ಮಾರುಕಟ್ಟೆಗೂ ದಾರಿ ತೋರಿಸಿ, ಬಿಡುವಿರುವವರನ್ನು ಕರೆಯಬಹುದಲ್ಲವೇ? ವೇಗದ ರಸ್ತೆಯೂ ಇರಲಿ, ನಿಧಾನದ ರಸ್ತೆಯೂ ಇರಲಿ. ಎರಡಕ್ಕೂ ಗಿರಾಕಿಗಳಿದ್ದಾರೆ ಎಂಬುದನ್ನು ಅರಿಜೋನಾ ತೋರಿಸಿಕೊಟ್ಟಿದೆ.

ಹೊರಡುವವರಿಗೆ ಕೆಲವು ಮಾತು

ಇಡೀ ಹಾದಿಯನ್ನು ಕ್ರಮಿಸಲು ಕನಿಷ್ಠ ಹತ್ತು ಹನ್ನೆರಡು ದಿನ ಬೇಕು. ಅಷ್ಟು ರಜೆಯಿಲ್ಲದವರು, ವಯಸ್ಸಾದ ತಂದೆತಾಯಿಯರೊಡನೆ ಹೊರಟವರು, ಷಿಕಾಗೊದಿಂದ ಸೇಂಟ್ ಲೂಯಿಸ್‌ವರೆಗಿನ ಸುಮಾರು 300 ಮೈಲಿಯನ್ನು ಎರಡು ದಿನಗಳಲ್ಲಿ ನೋಡಬಹುದು. ಡೆಟ್ರಾಯಿಟ್ ಕಡೆಯಿಂದ ಹೊರಡುವವರಿಗೆ ಇಂಟರ್‌ಸ್ಟೇಟ್ 94ರಲ್ಲಿ ಷಿಕಾಗೊ ಸುಮಾರು ಐದು ಗಂಟೆಯ ಪಯಣ. ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಿರುತ್ತದೆ. ಬಿಡುವಿದ್ದರೆ, ಮೂಲನಿವಾಸಿಗಳ ಕಾಲುದಾರಿಯ ಮೇಲೆ ಬೆಳೆದ ಹಳೆಯ ‘ಷಿಕಾಗೊ ರಸ್ತೆ’, ಅಂದರೆ ಇಂದಿನ ಯುಎಸ್ 12ರಲ್ಲೇ ಹೋಗಬಹುದು. ಮುಖ್ಯ ಪಯಣಕ್ಕೆ ಅದು ಒಳ್ಳೆಯ ಪೀಠಿಕೆ.

ಮೇ, ಜೂನ್ ಆರಂಭ, ಸೆಪ್ಟೆಂಬರ್ ತಿಂಗಳುಗಳು ಸೂಕ್ತ. ಜುಲೈನಲ್ಲಿ ಮೊಹಾವಿ ಮರುಭೂಮಿಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸುಮಾರು 7,000 ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಮರುಭೂಮಿಯಲ್ಲಿ ಮೊಬೈಲ್ ಸಂಕೇತ ಇಲ್ಲವಾಗುವುದರಿಂದ ಕಾಗದದ ನಕ್ಷೆ ಜೊತೆಗಿರಲಿ. ಪೆಟ್ರೋಲ್ ಅರ್ಧಕ್ಕಿಳಿದಾಗಲೇ ತುಂಬಿಸಿಕೊಳ್ಳಿ. ಫೋನಿನ ಮಾರ್ಗದರ್ಶಿ ಪ್ರತಿ ತಿರುವಿನಲ್ಲೂ ವೇಗದ ರಸ್ತೆಗೇ ಎಳೆಯುತ್ತದೆ. ಹಳೆಯ ಹಾದಿಯ ಪ್ರತ್ಯೇಕ ಕೈಪಿಡಿಗಳನ್ನು ನಂಬುವುದು ಲೇಸು. ಒಂದು ಊರಿನಲ್ಲಿ ಪಡೆದ ಬಾಡಿಗೆ ಕಾರನ್ನು ಇನ್ನೊಂದು ತುದಿಯಲ್ಲಿ ಒಪ್ಪಿಸಿದರೆ ಹೆಚ್ಚುವರಿ ಶುಲ್ಕವಿರುತ್ತದೆ.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಸೇಂಟ್ ಲೂಯಿಸ್‌ನ ಹೆಸರಾಂತ ‘ಫ್ರೋಜನ್ ಕಸ್ಟರ್ಡ್’ ಐಸ್‌ಕ್ರೀಮಿನಂತೆ ಕಂಡರೂ ಅದರಲ್ಲಿ ಮೊಟ್ಟೆಯಿರುತ್ತದೆ. ನೈಋತ್ಯ ರಾಜ್ಯಗಳ ಕೆಲವು ಹೋಟೆಲುಗಳಲ್ಲಿ ಬೀನ್ಸನ್ನು ಹಂದಿಕೊಬ್ಬಿನಲ್ಲಿ ಬೇಯಿಸುತ್ತಾರೆ. ಕೇಳಿ ತಿನ್ನುವುದರಲ್ಲಿ ಸಂಕೋಚ ಬೇಡ. ಅವಲಕ್ಕಿ, ಚಟ್ನಿಪುಡಿ, ಚಿಕ್ಕ ರೈಸ್ ಕುಕ್ಕರ್ ಇದ್ದರೆ ಯಾವ ಊರಿನಲ್ಲೂ ಉಪವಾಸವಿಲ್ಲ.

ಭಾರತದಿಂದ ಬರುವವರು ಕಾರು ಓಡಿಸುವುದಾದರೆ ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದು ಬರಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಬಾಡಿಗೆ ಕಂಪನಿಯವರನ್ನೂ ವಿಮೆಯವರನ್ನೂ ಮೊದಲೇ ವಿಚಾರಿಸಬೇಕು. ಪೊಲೀಸರು ನಿಲ್ಲಿಸಿದರೆ ನಮ್ಮೂರಿನಂತೆ ಇಳಿದು ಅವರ ಬಳಿಗೆ ನಡೆಯಬಾರದು. ರಸ್ತೆಯ ಬಲಬದಿಗೆ ನಿಲ್ಲಿಸಿ, ಕಾರಿನೊಳಗೇ ಕುಳಿತು, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು ಕಾಯಬೇಕು. ಪೌರತ್ವ ಇಲ್ಲದ ವಯಸ್ಕರು ತಮ್ಮ ವಲಸೆ ದಾಖಲೆಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕೆಂಬುದು ಇಲ್ಲಿನ ಕಾನೂನು. ಒಳನಾಡಿನ ಪ್ರಯಾಣವೆಂದು ಅದನ್ನು ಮನೆಯಲ್ಲಿ ಬಿಟ್ಟು ಬರಬಾರದು.

ದೂರ ಹೋಗಲಾಗದವರಿಗೆ ರಾಚೆಸ್ಟರ್ ಹಿಲ್ಸ್‌ನ ಸಮೀಪದಲ್ಲೇ ಒಂದು ಸಮಾಧಾನವಿದೆ. ಪ್ರತಿವರ್ಷ ಆಗಸ್ಟ್ ತಿಂಗಳ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ, 1995ರಿಂದ ನಡೆದುಬಂದಿರುವ ‘ಡ್ರೀಮ್ ಕ್ರೂಸ್’ ಎಂಬ ಹಳೆಯ ಕಾರುಗಳ ಜಾತ್ರೆ ನೆರೆಯುತ್ತದೆ. ರಸ್ತೆಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತ ಮೂರು ತಲೆಮಾರಿನ ಜನರ ಮುಂದೆ ತೇರು ಸಾಗಿದಂತೆ ಕಾರುಗಳು ಸಾಗುತ್ತವೆ. ರಸ್ತೆಯಲ್ಲಿ ಜನರೇ ಇಲ್ಲವೆಂದು ಬೇಸರಗೊಂಡ ಹಿರಿಯರನ್ನು ಅಂದು ಅಲ್ಲಿಗೆ ಕರೆದೊಯ್ಯಬಹುದು.

ಅಮೆರಿಕಕ್ಕೆ ಬರಬಯಸುವ ಯುವಕರು ಸಂಬಳ, ವೀಸಾ, ಮನೆಯ ಬೆಲೆಗಳನ್ನು ಚೆನ್ನಾಗಿ ಲೆಕ್ಕ ಹಾಕಿಕೊಂಡೇ ಬರುತ್ತಾರೆ. ಈ ದೇಶ ಹೊಸದನ್ನು ಎಷ್ಟು ಬೇಗ ಕಟ್ಟುತ್ತದೆಯೋ ಹಳೆಯದನ್ನು ಅಷ್ಟೇ ಬೇಗ ಬದಿಗೆ ಸರಿಸುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. 2009ರಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ದಿವಾಳಿ ರಕ್ಷಣೆ ಕೋರಿದಾಗ ಈ ಭಾಗದ ಮನೆಮನೆಗಳಲ್ಲೂ ಬೈಪಾಸ್‌ನ ಭಯ ಆವರಿಸಿತ್ತು. ಎಚ್‌–1ಬಿ ವೀಸಾದ ಮೇಲಿರುವವರು ಕೆಲಸ ಕಳೆದುಕೊಂಡರೆ ಇನ್ನೊಂದನ್ನು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನಗಳ ಅವಕಾಶ. ಹಾಗೆಂದು ಹೆದರಬೇಕಿಲ್ಲ. ಹೆದ್ದಾರಿ ದೂರ ಸರಿದ ಮೇಲೂ ಅಂಗಡಿಯ ಬಾಗಿಲು ತೆರೆದಿಟ್ಟು ಕಾದವರು, ಕಾಯುತ್ತಲೇ ಸಂಘ ಕಟ್ಟಿದವರು, ಮುಚ್ಚಿದ ಮೋಟೆಲ್ ಕೊಂಡು ದೀಪ ಹಚ್ಚಿದವರು ಈ 2,448 ಮೈಲಿಯುದ್ದಕ್ಕೂ ಸಿಗುತ್ತಾರೆ. ಬರುವವರು ಒಮ್ಮೆ ಇಂಟರ್‌ಸ್ಟೇಟ್‌ನಿಂದ ಇಳಿದು, ಅಂಥವರ ಅಂಗಡಿಯಲ್ಲಿ ಒಂದು ಲೋಟ ಕಾಫಿ ಕುಡಿದು, ನಾಲ್ಕು ಮಾತನಾಡಿ ಮುಂದೆ ಸಾಗಲಿ.